ಅಪ್ಪನ ಫ್ಲೆಕ್ಸು

ಗವಿಸಿದ್ದಪ್ಪ ಸತ್ತು ಐದು ತಿಂಗಳಾಗುವಷ್ಟರಲ್ಲಿ, ಅವನಿಗೆ ಮಗಳೇ ಹುಟ್ಟಿರಲಿಲ್ಲ ಎಂದು ಸರಕಾರಿ ಕಾಗದದಲ್ಲಿ ದಾಖಲಾಯಿತು.

ಮಗಳು ಸುನಂದಾ ಸಿರುಗುಪ್ಪದ ಗಂಡನ ಮನೆಯಲ್ಲಿ ಅಕ್ಕಿ ಕೇರುತ್ತಿದ್ದಳು. ಸುದ್ದಿ ತಂದವಳು ದುರುಗಮ್ಮ. ಗವಿಸಿದ್ದಪ್ಪನ ಹೊಲದಲ್ಲಿ ದುಡಿದು ಮುದುಕಿಯಾದವಳು, ಭತ್ತದ ನಾಟಿಗೆಂದು ಬಂದಿದ್ದಳು.

"ಯವ್ವಾ, ಬಾದನಹಟ್ಟಿ ಚಾವಡಿಗಿ ನೋಟೀಸ್ ಹಚ್ಯಾರ. ನಿಮ್ಮಪ್ಪನ ನಾಕೆಕರೆ ಹಂಪೇಶನ ಹೆಸರಿಗಿ ಆಗತೈತಂತ. ಮಗ ಒಬ್ಬನ ವಾರಸುದಾರ ಅಂತ ಬರದಾರ. ಹಂಗಾರ ನೀ ಯಾರ ಮಗಳವಾ?"

ತಕರಾರು ಹಾಕಲು ಮೂವತ್ತು ದಿನ. ಇಪ್ಪತ್ತಾರು ಕಳೆದಿದ್ದವು.

ಅಣ್ಣ ಹಂಪೇಶ್ ಬಳ್ಳಾರಿಯ ಗಾಂಧಿನಗರದಲ್ಲಿ ಮನೆ ಮಾಡಿ, ಬಿಳಿ ಅಂಗಿ ತೊಟ್ಟು, ಅದಿರು ಲಾರಿಗಳ ಧೂಳಿನಲ್ಲಿ ದೊಡ್ಡ ಮನುಷ್ಯನಾಗುತ್ತಿದ್ದ. ಅಪ್ಪ ದುಡಿದು ಕೊಂಡ ಹೊಲ ಒಂದು ಕಬ್ಬಿಣದ ಕಾರ್ಖಾನೆಗೆ ಬೇಕಿತ್ತು. ಖಾತೆ ಆದ ಮರುದಿನವೇ ನೋಂದಣಿ.

"ನಿನಗ ರೇಷ್ಮಿ ಸೀರಿ ತಂದಿಟ್ಟೀನಲ್ಲಬೇ," ಅಂದ ಫೋನಿನಲ್ಲಿ. "ತಂಗಿ ಅಂಬೋಳು ತವರಿನ ಮಣ್ಣು ಕೇಳ್ತಾಳೇನು?"

"ಆ ಸೀರಿ ನೀನ ಉಟ್ಗೋ," ಎಂದು ಸುನಂದಾ ಫೋನಿಟ್ಟಳು. ಆ ಮಣ್ಣಿನ ಕಲ್ಲು ಆರಿಸುವಾಗ ಅವಳಿಗೆ ಒಂಬತ್ತು ವರ್ಷ. ಆಗ ಯಾರೂ ಅವಳನ್ನು ಹೊರಗಿನವಳು ಅಂದಿರಲಿಲ್ಲ.

ದುರುಗಮ್ಮನನ್ನು ಕರೆದುಕೊಂಡು ಕುರುಗೋಡಿಗೆ ಬಸ್ ಹತ್ತಿದಳು. ನಾಡಕಚೇರಿಯ ಗುಮಾಸ್ತ ಕೇಳಿದ್ದು ಒಂದೇ ಮಾತು: "ನೀವು ಗವಿಸಿದ್ದಪ್ಪನ ಮಗಳು ಅಂಬೋದಕ್ಕ ಏನೈತ್ರಿ?"

ರೇಷನ್ ಕಾರ್ಡಿನಲ್ಲಿ ಗಂಡನ ಹೆಸರು. ವೋಟಿನ ಚೀಟಿಯಲ್ಲಿ ಗಂಡನ ಹೆಸರು. ಶಾಲೆಯ ರಿಜಿಸ್ಟರನ್ನು ಗೆದ್ದಲು ತಿಂದಿತ್ತು. ಹಂಪೇಶ್ ಕೊಟ್ಟ ವಂಶವೃಕ್ಷದಲ್ಲಿ ಅವಳಿರಲಿಲ್ಲ. ಅದು ಸತ್ಯವೆಂದು ಐವರು ಪಂಚರು ಸಹಿ ಹಾಕಿದ್ದರು. ಮೊದಲ ಸಹಿ ಗಾಳೆಪ್ಪನದು, ಅವಳ ಮದುವೆಯಲ್ಲಿ ಎರಡು ಪಂಕ್ತಿ ಉಂಡವನು. ಹೆಣ್ಣನ್ನು ಹೊಲದಿಂದ ಓಡಿಸಲು ಗೂಂಡಾಗಳು ಬೇಕಿಲ್ಲ, ಕಾಗದ ಸಾಕು.

ತಕರಾರು ಅರ್ಜಿ ಕೊಟ್ಟು, ಬಾದನಹಟ್ಟಿಯ ದುರುಗಮ್ಮನ ಗುಡಿಸಲಲ್ಲಿ ನೀರು ಕುಡಿಯಲು ಕತ್ತೆತ್ತಿದಾಗ, ಮೇಲಿನಿಂದ ಅಪ್ಪ ನಗುತ್ತಿದ್ದ.

ಗಣಿ ದುಡ್ಡು ಹರಿದ ಮೇಲೆ ಬಳ್ಳಾರಿ ಸೀಮೆಯಲ್ಲಿ ಫ್ಲೆಕ್ಸ್ ಇಲ್ಲದೆ ಯಾರೂ ಸಾಯುವಂತಿರಲಿಲ್ಲ. ಹಂಪೇಶ್ ಊರ ಬಾಗಿಲಿಗೆ ಹನ್ನೆರಡು ಅಡಿಯದನ್ನು ನಿಲ್ಲಿಸಿದ್ದ. ಅದು ಗಾಳಿಗೆ ಬಿದ್ದಾಗ ದುರುಗಮ್ಮ ತಂದು, ಬಣ್ಣದ ಮಗ್ಗುಲು ಒಳಗೆ ಮಾಡಿ, ಸೂರಿಗೆ ಹೊದಿಸಿದ್ದಳು. ಸುನಂದಾ ಒಂದೊಂದೇ ಅಕ್ಷರ ಓದಿದಳು: "ಶೋಕತಪ್ತರು: ಮಗ ಹಂಪೇಶ್, ಮಗಳು ಸುನಂದಾ." ಕೆಳಗೆ ಕಪ್ಪು ಕನ್ನಡಕ ಹಾಕಿ ಕೈಮುಗಿದ ಗಾಳೆಪ್ಪ.

"ಇದನ್ನ ಕೊಡ್ತೀಯೇನವಾ?"

"ಮಳಿ ಬಂದ್ರ ನಿಮ್ಮಣ್ಣನ ಮನ್ಯಾಗ ಮಲಗಲೇನು?"

ಸುನಂದಾ ಕುರುಗೋಡಿಗೆ ಹೋಗಿ ತಾಡಪಾಲು ತಂದಳು. ಇಬ್ಬರೂ ಸೇರಿ ಅದನ್ನು ಹೊದಿಸಿ, ಅಪ್ಪನನ್ನು ಇಳಿಸಿದರು.

ವಿಚಾರಣೆ ಬಳ್ಳಾರಿಯಲ್ಲಿ ನಡೆಯಿತು. ತಹಶೀಲ್ದಾರರ ಮುಂದೆ ಫ್ಲೆಕ್ಸು ಗೋಡೆಯಿಂದ ಗೋಡೆಗೆ ಹಾಸಿಕೊಂಡಿತು. ಹಾಕಿಸಿದವರು ಯಾರೆಂದು ಅವರು ಕೇಳಿದರು. ಮೂಲೆಯಲ್ಲಿ ಹಂಪೇಶನ ಹೆಸರೇ ಇತ್ತು.

"ಈ ಫೋಟೋ ನಿಮ್ಮದೇನ್ರಿ?" ಪಂಚರ ಸಾಲಿನಲ್ಲಿದ್ದ ಗಾಳೆಪ್ಪನನ್ನು ಕೇಳಿದರು.

ಗಾಳೆಪ್ಪ ಕನ್ನಡಕ ತೆಗೆದು ಕಿಸೆಗೆ ಹಾಕಿದ. "ನನ್ನಂಗ ಕಾಣತೈತ್ರಿ ಸಾಹೇಬ್ರ."

"ಮತ್ತ ಮಗಳಿಲ್ಲ ಅಂತ ಸಹಿ ಹಾಕೀರಿ?"

"ಆ ಕಾಗದದಾಗ ಫೋಟೋ ಇದ್ದಿಲ್ರಿ."

ಗುಮಾಸ್ತನೂ ನಕ್ಕ. ಪಂಚನಾಮೆ ರದ್ದಾಯಿತು, ಖಾತೆ ಇಬ್ಬರ ಹೆಸರಿಗೆ, ಸಮಪಾಲು ಎಂದು ಆದೇಶವಾಯಿತು. ಅವಳ ಸಹಿ ಇಲ್ಲದೆ ಇನ್ನು ಹೊಲ ಕಾರ್ಖಾನೆಗೆ ಹೋಗುವಂತಿರಲಿಲ್ಲ. ತಹಶೀಲ್ದಾರರು ಫ್ಲೆಕ್ಸಿನ ಫೋಟೋ ತೆಗೆದುಕೊಂಡು, "ಇದು ಫೈಲಿನಾಗ ಹಿಡಿಯಂಗಿಲ್ಲ, ಒಯ್ಯಿರಿ," ಅಂದರು.

"ಅಪ್ಪನ ಮಾರಿ ನೆಲಕ್ಕ ಹಾಸಿದೆಲ್ಲಬೇ," ಹಂಪೇಶ್ ಹಲ್ಲು ಕಡಿದ.

"ಆ ತುದಿ ಹಿಡಿ," ಅಂದಳು ಸುನಂದಾ. "ಒಬ್ಬಾಕಿಗಿ ಮಡಚಾಕ ಬರಂಗಿಲ್ಲ."

ಕಚೇರಿಯ ಮಂದಿಯೆಲ್ಲ ನೋಡುತ್ತಿದ್ದರು. ಹಂಪೇಶ್ ಬಗ್ಗಿ ತುದಿ ಹಿಡಿದ.