ಎದುರಿಗೇ ಕಾಣುವ ಶಾಲೆ

ಹೊಸ ಮನೆಯ ಬಾಲ್ಕನಿಯಲ್ಲಿ ನಿಂತ ಮರುಕ್ಷಣವೇ ಅವಳಿಗೆ ಗಂಡನ ಕುತ್ತಿಗೆ ಹಿಸುಕಬೇಕೆನ್ನಿಸಿತು. ಹನ್ನೆರಡು ವರ್ಷದ ಸಂಸಾರದಲ್ಲಿ ಹಾಗೆ ಅನ್ನಿಸಿದ್ದು ಇದೇ ಮೊದಲೇನಲ್ಲ. ಆದರೆ ಹಿಂದಿನ ಸಲಗಳಲ್ಲಿ ಕಾರಣ ಇಷ್ಟು ದೊಡ್ಡದಾಗಿ ಕಣ್ಣೆದುರು ನಿಂತಿರಲಿಲ್ಲ. ಮೂರು ಅಂತಸ್ತು, ಹಸಿರು ಕಿಟಕಿಗಳು, ನೆತ್ತಿಯ ಮೇಲೊಂದು ಗಡಿಯಾರ. ಮಗಳಿಗೆಂದು ಆರಿಸಿದ್ದ ಶಾಲೆ ಅದು. ಗಂಡ ಫೋನಿನಲ್ಲಿ ಹೇಳಿದ್ದು ಒಂದಕ್ಷರವೂ ಸುಳ್ಳಾಗಿರಲಿಲ್ಲ: ಮನೆಯ ಎದುರಿಗೇ ಇತ್ತು, ನಾನೂರೇ ಮೀಟರ್. ಆ ನಾನೂರು ಮೀಟರ್ ಉದ್ದಕ್ಕೂ ಸಮುದ್ರದ ಒಂದು ತೋಳು ಹಾಯಾಗಿ ಚಾಚಿಕೊಂಡಿದೆ ಅನ್ನುವುದನ್ನು ಮಾತ್ರ ಮಹಾರಾಯ ಹೇಳಿರಲಿಲ್ಲ.

"ರೀ, ಮಧ್ಯೆ ನೀರಿದೆ."

"ಇದೆ," ಎಂದ ಅವನು. "ದ್ವೀಪ ಅಲ್ವೇನೇ? ನೀರು ಇರತ್ತೆ."

ಅವನ ಕೆಲಸ ಪೈಲಟ್. ವಿಮಾನದ್ದಲ್ಲ, ಬಂದರಿನದು, ಈ ಮಾತನ್ನು ನೆಂಟರಿಗೆಲ್ಲ ವಿವರಿಸಿ ವಿವರಿಸಿ ಅವಳ ಬಾಯಿ ಸವೆದಿತ್ತು. ದೊಡ್ಡ ಹಡಗು ಬಂದು ಬಂದರಿನ ಹೊರಗೆ ನಿಂತಾಗ ಸಣ್ಣ ಬೋಟಿನಲ್ಲಿ ಹೋಗಿ, ಹಗ್ಗದ ಏಣಿ ಹತ್ತಿ, ಆ ಹಡಗನ್ನು ಎಲ್ಲೂ ತಗುಲಿಸದೆ ಒಳಗೆ ತಂದು ಕಟ್ಟಿಸುವವನು. ಇಪ್ಪತ್ತು ವರ್ಷ ಇದನ್ನೇ ಮಾಡಿದವನಿಗೆ ನೀರೆಂದರೆ ದಾರಿ, ನೆಲವೆಂದರೆ ಅಡ್ಡಿ. ಸಂಸಾರ ಬರುವ ಮೊದಲೇ ಬಂದು ಮನೆ ಹುಡುಕಿದ ಅವನು ನೋಡಿದ್ದು ಊರಿನ ನಕ್ಷೆಯನ್ನಲ್ಲ, ಚೀಲದಲ್ಲಿದ್ದ ಸಮುದ್ರದ ನಕ್ಷೆಯನ್ನು. ಅದರಲ್ಲಿ ನೀರಿನ ಮೇಲೆಲ್ಲ ಆಳದ ಅಂಕಿಗಳು ಕಿಕ್ಕಿರಿದಿರುತ್ತವೆ. ನೆಲ ಮಾತ್ರ ಬರೀ ಹಳದಿ. ಆ ಹಳದಿಯಲ್ಲಿ ಮನೆಗೊಂದು ಶಾಲೆಗೊಂದು ಚುಕ್ಕೆ ಇಟ್ಟು, ಕೈವಾರದಲ್ಲಿ ಅಳೆದು, ಬಾಡಿಗೆ ಕರಾರಿಗೆ ಸಹಿ ಹಾಕಿ, "ನಾನೂರು ಮೀಟರ್ ಕಣೇ, ನಾನೇ ಅಳೆದಿದೀನಿ" ಎಂದು ಹೆಂಡತಿಯ ಹತ್ತಿರ ಬೀಗಿದ್ದ. ನೆಲದ ಮೇಲೆ ಓಡಾಡುವ ಯಾವ ಮನುಷ್ಯನೂ ಇಂಥ ಎಡವಟ್ಟು ಮಾಡುವುದಿಲ್ಲ.

ಬೇರೆ ಏನಾದರೂ ಆಗಿದ್ದರೆ ಅವಳು ಹಲ್ಲು ಕಚ್ಚಿ ಸುಮ್ಮನಾಗುತ್ತಿದ್ದಳೋ ಏನೋ. ಆದರೆ ಮಗಳಿಗೆ ಮಾತು ಕೊಟ್ಟಿದ್ದಳು. ಮಗಳಿಗೆ ಹತ್ತು ವರ್ಷ, ಇದು ನಾಲ್ಕನೆಯ ಊರು. ಕೂಸಾಗಿದ್ದಾಗ ಸಣ್ಣ ದನಿಯಲ್ಲಿ ದಿನವಿಡೀ ರಾಗ ಎಳೆಯುತ್ತಿದ್ದಳೆಂದು ಮನೆಯಲ್ಲಿ ಪಿಟೀಲು ಎಂದೇ ಹೆಸರು; ಈಚೆಗೆ ರಾಗ ನಿಂತುಹೋಗಿ ಹೆಸರಷ್ಟೇ ಉಳಿದಿತ್ತು. ಹಿಂದಿನ ಊರಿನಲ್ಲಿ ತಾಯಿ ಕನ್ನಡಕದ ಅಂಗಡಿಯೊಂದರಲ್ಲಿ ಕಣ್ಣು ಪರೀಕ್ಷೆ ಮಾಡುತ್ತಿದ್ದಳು. ಗಿರಾಕಿಗಳು ಸಂಜೆಯೇ ಬರಬೇಕೇ! ಗಂಡನ ಹಡಗುಗಳಿಗಂತೂ ಹೊತ್ತುಗೊತ್ತೇ ಇಲ್ಲ. ಅವನು ಕರೆತರುತ್ತಾನೆಂದು ಇವಳು, ಇವಳು ಕರೆತರುತ್ತಾಳೆಂದು ಅವನು. ಹೀಗೆ ಶಾಲೆ ಬಿಟ್ಟ ಮೇಲೆ ಪಿಟೀಲು ಖಾಲಿ ಕಾರಿಡಾರಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತದ್ದು ಒಂದೆರಡು ಸಲವಲ್ಲ. ಹುಡುಗಿ ಅತ್ತವಳಲ್ಲ, ದೂರಿದವಳಲ್ಲ. ಸಾಮಾನು ಕಟ್ಟುವ ದಿನ ಮಾತ್ರ, ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಾ ಕೇಳಿದ್ದಳು.

"ಅಲ್ಲಿ ನಾನೇ ನಡ್ಕೊಂಡು ಹೋಗಿ ನಾನೇ ನಡ್ಕೊಂಡು ಬರೋ ಸ್ಕೂಲಿಗೆ ಹಾಕ್ತೀಯಾ ಅಮ್ಮಾ?"

"ಖಂಡಿತ ಹಾಕ್ತೀನಿ" ಎಂದು ಅವಳು ಮಗಳ ತಲೆ ಮುಟ್ಟಿ ಹೇಳಿದ್ದಳು. ಆಟಿಕೆಯಲ್ಲ, ಬಟ್ಟೆಯಲ್ಲ, ಆ ಮಗು ಇಡೀ ಊರು ಬಿಟ್ಟು ಬರಲು ಕೇಳಿದ್ದು ಇದೊಂದನ್ನೇ.

"ದೋಣಿ ಇದೆಯಲ್ಲ," ಎಂದು ಗಂಡ ಸಮಾಧಾನದ ದನಿ ತೆಗೆದ. "ಏಳು ನಿಮಿಷಕ್ಕೆ ಆ ಕಡೆ. ಇವಳೇ ಹೋಗಿ ಬರಬಹುದು. ಬಾ, ತೋರಿಸ್ತೀನಿ."

ಮೂವರೂ ದೋಣಿಕಟ್ಟೆಗೆ ನಡೆದರು. ದೋಣಿ ಇತ್ತು, ಇಲ್ಲವೆನ್ನುವ ಹಾಗಿಲ್ಲ. ನೀರು ಇಳಿದು ಹೋಗಿ ಕೆಸರಿನಲ್ಲಿ ಒಂದು ಮಗ್ಗುಲಿಗೆ ಒರಗಿ ಮಲಗಿತ್ತು. ದೋಣಿಯವನೂ ಅದರ ನೆರಳಲ್ಲಿ ಅದೇ ಭಂಗಿಯಲ್ಲಿ ಮಲಗಿದ್ದ. ಗಂಡ ಜೇಬಿನಿಂದ ಉಬ್ಬರ ಇಳಿತದ ವೇಳಾಪಟ್ಟಿ ತೆಗೆದು ಬೆರಳಿಟ್ಟು ಓದಿದ. ಪೆನ್ಸಿಲಿನಲ್ಲಿ ಆಗಲೇ ಸೊನ್ನೆ ಸುತ್ತಿ ಇಟ್ಟಿದ್ದ, ಪುಣ್ಯಾತ್ಮ.

"ನೋಡು, ಇವತ್ತು ಇಳಿತ ಮೂರೂ ಮುಕ್ಕಾಲಿಗೆ. ದಿನಾ ಮುಕ್ಕಾಲು ಗಂಟೆ ಮುಂದಕ್ಕೆ ಹೋಗತ್ತೆ. ಸ್ಕೂಲ್ ಬಿಡೋದು ನಾಲ್ಕಕ್ಕೆ. ತಿಂಗಳಲ್ಲಿ ಹದಿನೈದು ದಿನ ದೋಣಿ ಪಕ್ಕಾ."

"ಉಳಿದ ಹದಿನೈದು ದಿನ?"

"ಉಳಿದ ದಿನ ಸ್ವಲ್ಪ ಹಿಂದೆ ಮುಂದೆ..."

"ಚಂದ್ರನ್ನ ನೋಡ್ಕೊಂಡು ಗಂಟೆ ಹೊಡೀತಾರೇನ್ರೀ ಸ್ಕೂಲಲ್ಲಿ?"

ಅವನು ವೇಳಾಪಟ್ಟಿ ಮಡಚಿ ಜೇಬಿಗಿಟ್ಟುಕೊಂಡ. ರಸ್ತೆಯಲ್ಲಿ ಹೋದರೆ ಎರಡು ಬಸ್ಸು, ಒಂದು ಸೇತುವೆ, ಐವತ್ತು ನಿಮಿಷ. ಪಿಟೀಲು ಇಬ್ಬರನ್ನೂ ನೋಡಿದಳು, ಕೆಸರನ್ನೂ ನೋಡಿದಳು.

ಒಂದು ವಾರದೊಳಗೆ ಹೇಳಿದರೆ ಕರಾರು ಬಿಡುತ್ತೇನೆಂದು ಮನೆಯ ಒಡತಿ ದೊಡ್ಡ ಮನಸ್ಸು ಮಾಡಿದ್ದರಿಂದ, ಆ ದಡದಲ್ಲಿ ಮನೆ ಹುಡುಕಲು ಹೊರಟರು. ಸಿಕ್ಕ ದಲ್ಲಾಳಿಗೆ ಪಿಟೀಲು ಮೊದಲ ದಿನವೇ 'ಐದೇ ನಿಮಿಷ' ಎಂದು ಹೆಸರಿಟ್ಟಳು. ಅವನ ಲೆಕ್ಕದಲ್ಲಿ ಜಗತ್ತಿನ ಯಾವ ಎರಡು ಜಾಗದ ನಡುವೆಯೂ ಅದಕ್ಕಿಂತ ಹೆಚ್ಚು ದೂರವಿರಲಿಲ್ಲ. ಅವನು ತೋರಿಸಿದ ಮೊದಲ ಮನೆಯಲ್ಲಿ ಲಿಫ್ಟು ಆರನೆಯ ಮಹಡಿಗೇ ಕೈ ಎತ್ತುತ್ತಿತ್ತು. ಮನೆ ಇದ್ದದ್ದು ಒಂಬತ್ತನೆಯದರಲ್ಲಿ. ಎರಡನೆಯದರಲ್ಲಿ ಮಲಗುವ ಕೋಣೆಯ ಕಿಟಕಿ ತೆರೆದರೆ ಒಂದು ಮೊಳ ಆಚೆಗೆ ಪಕ್ಕದ ಕಟ್ಟಡದ ಕಿಟಕಿ. ಅಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದ ಹಿರಿಯರೊಬ್ಬರು ಮುಖದ ತುಂಬ ನೊರೆ ಇಟ್ಟುಕೊಂಡೇ "ಬನ್ನಿ ಬನ್ನಿ, ಒಳ್ಳೇ ಗಾಳಿ ಬರತ್ತೆ" ಎಂದು ಸ್ವಾಗತಿಸಿದರು. ಯಾವ ಸಂದಿಯಿಂದ ಬರುತ್ತದೋ ಎಂದು ಅವಳು ಮನಸ್ಸಿನಲ್ಲೇ ಗೊಣಗಿದಳು.

ಮೂರನೆಯ ಮನೆಗೆ ಬಿಸಿಲಿತ್ತು, ಬೆಳಕಿತ್ತು, ಅಡುಗೆಮನೆಯಲ್ಲಿ ಇಬ್ಬರು ನಿಲ್ಲಬಹುದಿತ್ತು. ಹಿತ್ತಲ ಗೋಡೆಯ ಆಚೆ ಮಕ್ಕಳ ಕೂಗು ಕೇಳಿಸುತ್ತಿತ್ತು, ಅದೇ ಶಾಲೆಯ ಆಟದ ಮೈದಾನ. ಅವಳ ಎದೆ ಹಗುರಾಯಿತು.

"ಗೇಟ್ ಎಲ್ಲಿ ಬರತ್ತೆ?"

"ಗೇಟು ಆ ಕಡೆ ಮೇಡಂ. ಸ್ವಲ್ಪ ಸುತ್ತಿ ಹೋಗ್ಬೇಕು. ಐದೇ ನಿಮಿಷ."

ಫೋನಿನಲ್ಲಿ ಗಂಟೆ ನೋಡಿಕೊಂಡು ನಡೆದು ನೋಡಿದಳು. ಲಾರಿ ನಿಲ್ಲುವ ಜಾಗ ದಾಟಿ, ಕಂಟೇನರುಗಳ ಸಾಲು ಬಳಸಿ, ಆರು ಸಾಲಿನ ರಸ್ತೆಯಲ್ಲಿ ಜೀವ ಕೈಲಿ ಹಿಡಿದು ಓಡಿ, ಇಪ್ಪತ್ತೇಳು ನಿಮಿಷ. ದಲ್ಲಾಳಿ ಬೆವರು ಒರೆಸಿಕೊಳ್ಳುತ್ತಾ, "ಅಭ್ಯಾಸ ಇಲ್ದೇ ಇರೋದಕ್ಕೆ ಮೇಡಂ" ಎಂದ. ಅವಳ ತಲೆ ಕೆಟ್ಟು ಮೊಸರು ಗಡಿಗೆಯಾಗಿತ್ತು. ದಿನವಿಡೀ ಗಿರಾಕಿಗಳ ಕಣ್ಣಿಗೆ ಒಂದೊಂದೇ ಗಾಜು ಬದಲಿಸಿ "ಇದು ಚೆನ್ನಾಗಿ ಕಾಣತ್ತಾ, ಅದಾ?" ಎಂದು ಕೇಳಿ ಅನ್ನ ಸಂಪಾದಿಸಿದವಳಿಗೆ ಈಗ ಇದೂ ಮಸುಕು, ಅದೂ ಮಸುಕು.

ನಾಲ್ಕನೆಯ ದಿನ ಸಂಜೆ ತಮ್ಮದೇ ಬೀದಿಗೆ ಹಿಂತಿರುಗುವಾಗ ಪಿಟೀಲು ಹಗ್ಗ ಹೊಸೆಯುವ ಹಳೆಯ ಶೆಡ್ಡಿನ ಪಕ್ಕ ನಿಂತುಬಿಟ್ಟಳು. ಅಲ್ಲೊಂದು ಶಾಲೆಯಿತ್ತು. ಶಾಲೆಯೆಂದು ಹೇಳಿದರೆ ಶಾಲೆ: ಎಂಟು ಕೋಣೆ, ಸುಣ್ಣ ಎದ್ದ ಗೋಡೆ, ಅಂಗಳದಲ್ಲಿ ಒಂದೇ ಒಂದು ಮರ, ಆ ಮರಕ್ಕೆ ಕಟ್ಟಿದ ಗಂಟೆ.

"ಅಮ್ಮಾ, ಮನೆಯಿಂದ ಇಲ್ಲಿಗೆ ಆರುನೂರಾ ನಲವತ್ತು ಹೆಜ್ಜೆ. ರಸ್ತೆ ದಾಟೋದು ಒಂದೇ ಕಡೆ."

"ಯಾವಾಗ ಎಣಿಸಿದೆ?"

"ದಿನಾ ಎಣಿಸ್ತಿದೀನಿ."

"ಆ ಶಾಲೆ ಪಟ್ಟಿಯಲ್ಲೇ ಇಲ್ಲ ಕಣೇ," ಎಂದು ಅವಳು ಮಗಳ ಕೈ ಹಿಡಿದು ಮುಂದೆ ಎಳೆದಳು. ಪಟ್ಟಿ ಕಳಿಸಿದ್ದು ಅವಳ ಅಕ್ಕ. ಈ ಊರನ್ನು ಒಮ್ಮೆಯೂ ಕಾಣದೆ, ಇಲ್ಲಿನ ನಲವತ್ತು ಶಾಲೆಗಳನ್ನು ಒಂದರ ಕೆಳಗೊಂದು ಪೇರಿಸಿ ಫೋನಿಗೆ ಕಳಿಸಿದ್ದಳು. ಹಸಿರು ಕಿಟಕಿಯ ಶಾಲೆ ಅದರಲ್ಲಿ ಎರಡನೆಯದು. ಅಂದು ಅಕ್ಕ ಫೋನಿನಲ್ಲಿ ಗದರಿದಳು: "ಎರಡನೇ ನಂಬರಿನ ಸ್ಕೂಲಲ್ಲಿ ಸೀಟು ಸಿಕ್ಕಿದೆ, ನಡಿಯೋದು ಗಿಡಿಯೋದು ಅಂತ ಕೂತಿದೀಯಲ್ಲ! ವ್ಯಾನಿಗೆ ಹಾಕು. ಮಕ್ಕಳು ಏನೇನೋ ಕೇಳ್ತಾವೆ, ನಾಳೆ ಮರೀತಾವೆ."

ಅವಳಿಗೂ ಸಾಕಾಗಿತ್ತು. ಸೀಟು ಉಳಿಸಿಕೊಳ್ಳಲು ಶುಕ್ರವಾರ ಕಡೆಯ ದಿನ. ರಾಜಿಯಾಗುವಾಗ ಎಲ್ಲರೂ ಹೇಳುವ ಮಾತನ್ನೇ ಅವಳೂ ಮಗಳಿಗೆ ಹೇಳಿದಳು, "ಒಂದು ವರ್ಷ ಅಷ್ಟೇ ಪುಟ್ಟಾ, ಆಮೇಲೆ ಆ ಕಡೆಗೇ ಮನೆ ಮಾಡೋಣ." ಪಿಟೀಲು ಸುಮ್ಮನೆ ತಲೆಯಾಡಿಸಿದಳು. ರಾಗ ತೆಗೆದಿದ್ದರೆ, ಕಾಲು ಅಪ್ಪಳಿಸಿದ್ದರೆ, ಅವಳು ಗದರಿ ಹಗುರಾಗುತ್ತಿದ್ದಳು. ಹುಡುಗಿ ಅಷ್ಟೂ ಅವಕಾಶ ಕೊಡಲಿಲ್ಲ.

ಶುಕ್ರವಾರ ಶಾಲೆಯ ಆಫೀಸಿನಲ್ಲಿ ಮೂವರೂ ಸಾಲಾಗಿ ಕೂತರು. ಗುಮಾಸ್ತೆ ಒಳ್ಳೆಯ ಹೆಂಗಸು, ಕೆಲಸ ಚುರುಕು. ಫಾರಂ ತುಂಬುತ್ತಾ ಕೊನೆಯ ಪುಟಕ್ಕೆ ಬಂದಳು.

"ವ್ಯಾನು ಸೇತುವೆ ದಾಟಲ್ಲ. ಸೇತುವೆ ಹತ್ರ ಬಿಡತ್ತೆ, ಅಲ್ಲಿಂದ ಮನೆಯವರು ಕರ್ಕೊಂಡು ಹೋಗ್ಬೇಕು. ಯಾರೂ ಬರ್ಲಿಲ್ಲ ಅಂದ್ರೆ ಮಗೂನ ವಾಪಸ್ ಇಲ್ಲಿಗೇ ತರ್ತಾರೆ. ಯಾರು ಬರ್ತೀರಾ ಅಂತ ಬರ್ಕೊಳ್ಳಲಿ?"

"ಇವಳು," ಎಂದ ಗಂಡ.

"ಇವರು," ಎಂದಳು ಅವಳು.

ಇಬ್ಬರ ಮಾತೂ ಒಟ್ಟಿಗೇ ಬಂತು. ಗುಮಾಸ್ತೆಯ ಪೆನ್ನು ಕಾಗದದ ಮೇಲೆ ನಿಂತಿತು. ಗಂಡ "ಅಂದ್ರೆ, ಹಡಗಿಲ್ಲದ ದಿನ ನಾನೇ..." ಎಂದು ಏನೋ ತೇಪೆ ಹಚ್ಚಲು ಹೋದ. ಅಷ್ಟರಲ್ಲಿ ಪಿಟೀಲು ಕುರ್ಚಿಯ ತುದಿಗೆ ಸರಿದು ಬಹಳ ಮರ್ಯಾದೆಯಿಂದ ಕೇಳಿದಳು.

"ಮೇಡಂ, ಇಲ್ಲಿ ಕೊನೇಲಿ ಗೇಟ್ ಹಾಕೋದು ಯಾರು?"

"ಯಾಕಮ್ಮಾ?"

"ಇವತ್ತೇ ಪರಿಚಯ ಮಾಡ್ಕೊಂಡ್ಬಿಡ್ತೀನಿ. ಮೊದಲೇ ಗೊತ್ತಿದ್ರೆ ಕೂತ್ಕೊಳ್ಳೋಕೆ ಒಳಗೆ ಜಾಗ ಕೊಡ್ತಾರೆ."

ಅವಳಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಐದು ದಿನದಿಂದ ನೀರಿನ ಮೇಲೆ, ದೋಣಿಯ ಮೇಲೆ, ದಲ್ಲಾಳಿಯ ಮೇಲೆ, ಗಂಡನ ಮೇಲೆ ಹರಿಹಾಯ್ದದ್ದೇ ಬಂತು. ಗಂಡ ತಪ್ಪಿದ್ದು ನಾನೂರು ಮೀಟರ್ ಅಷ್ಟೇ. ಮಗುವಿನ ತಲೆ ಮುಟ್ಟಿ ಮಾತು ಕೊಟ್ಟು, ಅಕ್ಕನ ಪಟ್ಟಿ ನೋಡಿ ಆ ಮಾತನ್ನು ಗಾಳಿಗೆ ತೂರಿದವಳು ತಾನು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಕೈ ಚಾಚಿ ಗುಮಾಸ್ತೆಯ ಮುಂದಿದ್ದ ಫಾರಂ ತೆಗೆದುಕೊಂಡಳು.

"ಮೇಡಂ, ಯೋಚನೆ ಮಾಡಿ. ಈ ಸೀಟಿಗೆ ಎರಡು ವರ್ಷದಿಂದ ಕಾಯ್ತಿರೋರು ಇದಾರೆ."

"ಅವರಿಗೇ ಕೊಡಿ. ನಮ್ಮ ಹುಡುಗಿ ಕಾದಿದ್ದು ಸಾಕು."

ಗಂಡ ಬಾಯಿ ತೆರೆದ. ಅವಳು ಒಂದು ನೋಟ ನೋಡಿದಳು. ಬಾಯಿ ಮುಚ್ಚಿದ. ಅಂದು ಮಧ್ಯಾಹ್ನವೇ ಮರಕ್ಕೆ ಗಂಟೆ ಕಟ್ಟಿದ ಶಾಲೆಗೆ ಹೋದರು. ಹೆಡ್‌ಮೇಡಂ ತಾವೇ ಕಪ್ಪು ಹಲಗೆ ಒರೆಸುತ್ತಿದ್ದರು. ಕೈಯ ಸೀಮೆಸುಣ್ಣ ಸೀರೆಗೆ ಒರೆಸಿಕೊಂಡು ಹದಿನೈದು ನಿಮಿಷದಲ್ಲಿ ಪಿಟೀಲಿನ ಹೆಸರು ಬರೆದುಕೊಂಡರು. ಅಕ್ಕ ಫೋನಿನಲ್ಲಿ ಅರ್ಧ ಗಂಟೆ ಕೂಗಾಡಿದಳು. ಅವಳು ಫೋನನ್ನು ಮೇಜಿನ ಮೇಲಿಟ್ಟು ಪೆಟ್ಟಿಗೆಗಳನ್ನು ಬಿಚ್ಚಿದಳು.

ಒಡತಿ ಕೊಟ್ಟದ್ದು ಎರಡೇ ಬೀಗದ ಕೈ. ಒಂದು ಗಂಡನ ಹತ್ತಿರ, ಇನ್ನೊಂದನ್ನು ಸೋಮವಾರ ಬೆಳಿಗ್ಗೆ ದಾರ ಪೋಣಿಸಿ ಮಗಳ ಕೊರಳಿಗೆ ಹಾಕಿದಳು. ತನಗೊಂದು ಮಾಡಿಸಿಕೊಂಡರಾಯಿತು ಅಂದುಕೊಂಡಿದ್ದಳು. ಕೆಲಸ ಕೇಳಲು ಕನ್ನಡಕದ ಅಂಗಡಿಗಳನ್ನು ಸುತ್ತುವ ಗಡಿಬಿಡಿಯಲ್ಲಿ ಅದು ಮರೆತೇಹೋಯಿತು. ಮೂರು ಗಂಟೆಗೆ ಸುಸ್ತಾಗಿ ಬಂದು ಬಾಗಿಲ ಮುಂದೆ ನಿಂತಾಗ ನೆನಪಾಯಿತು. ಗಂಡ ಯಾವುದೋ ಹಡಗಿನ ಏಣಿಯ ಮೇಲಿದ್ದ. ಫೋನಿನ ಬ್ಯಾಟರಿ ಸತ್ತಿತ್ತು. ತನ್ನನ್ನು ತಾನೇ ಬೈದುಕೊಂಡು ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು.

ಮೊದಲ ಕಾಲು ಗಂಟೆ ಸಿಟ್ಟಿನಲ್ಲೇ ಕಳೆಯಿತು. ಆಮೇಲೆ ಸಿಟ್ಟಿಗೂ ಕೆಲಸವಿರಲಿಲ್ಲ. ಮೆಟ್ಟಿಲಲ್ಲಿ ಹೆಜ್ಜೆ ಕೇಳಿದಾಗೆಲ್ಲ ಕತ್ತು ಎತ್ತಿದಳು. ಪ್ರತಿಸಲವೂ ಬೇರೆ ಯಾರೋ. ಒಬ್ಬರು ಅಯ್ಯೋ ಪಾಪ ಅನ್ನುವಂತೆ ನೋಡಿ ಹೋದರು. ಅದಕ್ಕಿಂತ ನೋಡದೆ ಹೋದವರೇ ವಾಸಿ ಅನ್ನಿಸಿತು. ಕಾಲು ಜೋಮು ಹಿಡಿಯಿತು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ಎಷ್ಟು ಹೊತ್ತಾಯಿತೆಂದು ತಿಳಿಯುವ ದಾರಿಯೂ ಇರಲಿಲ್ಲ.

ಪಿಟೀಲು ಮೆಟ್ಟಿಲು ಹತ್ತಿ ಬಂದಳು. ಒಬ್ಬಳೇ. ಕಾಲ ತುಂಬ ಧೂಳು, ಮುಖದ ತುಂಬ ನಗು. ತಾಯಿಯನ್ನು ಕಂಡು ನಗು ನಿಂತಿತು. ಹತ್ತಿರ ಬಂದು ಕೊರಳಿನಿಂದ ದಾರ ತೆಗೆದಳು.

"ತುಂಬಾ ಹೊತ್ತಾಯ್ತಾ ಅಮ್ಮಾ?"

"ಹೂಂ," ಎಂದಳು ಅವಳು.

"ಮೊದಮೊದಲು ಹೊತ್ತೇ ಹೋಗಲ್ಲ," ಎಂದಳು ಪಿಟೀಲು, ತಾಯಿಯ ಭುಜದ ಮೇಲೊಂದು ಕೈಯಿಟ್ಟು. "ಆಮೇಲೆ ಅಭ್ಯಾಸ ಆಗತ್ತೆ."

ಬೀಗದ ಕೈ ಹಾಕಿ ತಿರುಗಿಸಿ, ಬಾಗಿಲು ತಳ್ಳಿ, ತಾಯಿ ಏಳಲಿ ಎಂದು ಹಿಡಿದುಕೊಂಡು ನಿಂತಳು.