ಗಿರಾಕಿಯಾಗುವುದೂ ಕೆಲಸವೇ

"ಏನ್ ದ್ಯಾಮಮ್ಮ, ನಿಮ್ಮ ಸೊಸೆ ಬೆಳಬೆಳಿಗ್ಗೆನೇ ಎತ್ಲಾಗೆ ಹೊಂಟ್ಲು?"

ಚನ್ನಗಿರಿಯ ಆ ಓಣಿಯಲ್ಲಿ ಯಾರಾದರೂ ಹೀಗೆ ಕೇಳಿದರೆ ಸಾಕು, ದ್ಯಾಮಮ್ಮನಿಗೆ ಮೈಯೆಲ್ಲ ಮೆಣಸಿನಕಾಯಿ ಹಚ್ಚಿದಂತಾಗುತ್ತಿತ್ತು.

"ಎತ್ಲಾಗೆ ಅಂತ ಹೇಳ್ಲಿ ತಾಯಿ? ತಿರುಗಾಕೆ! ಕಾಲಾಗೆ ಚಕ್ರ ಐತೆ ಅವ್ಳಿಗೆ," ಎಂದು ಬಾಗಿಲು ಮುಂದಕ್ಕೆ ಎಳೆದುಕೊಳ್ಳುತ್ತಿದ್ದಳು.

ಪಾಪ, ಅವಳಾದರೂ ಏನು ಹೇಳಬೇಕು? ಸೊಸೆ ರುದ್ರಾಣಿಯದು ಗುಟ್ಟಿನ ಕೆಲಸ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. 'ಕೆಂಬೆಳಗು' ಅಂತ ಒಂದು ಚಾ ಪುಡಿ ಕಂಪನಿ ಊರೂರಿನ ಅಂಗಡಿಗಳಿಗೆ ಪೊಟ್ಟಣ ಹಾಕುತ್ತಿತ್ತು. ಅಂಗಡಿಯವರು ಅದನ್ನು ಸರಿಯಾದ ಬೆಲೆಗೆ ಮಾರುತ್ತಾರೋ, ಹಳೇ ಮಾಲು ಸಾಗಹಾಕುತ್ತಾರೋ, ಒಂದನ್ನು ಕೇಳಿದರೆ ಇನ್ನೊಂದನ್ನು ಕೈಗೆ ತುರುಕುತ್ತಾರೋ? ನೋಡಿ ಬರುವವರು ಯಾರು? ಕಂಪನಿಯವರೇ ಹೋದರೆ ಅಂಗಡಿಯವರೆಲ್ಲ ಧರ್ಮರಾಯನ ಮಕ್ಕಳಾಗಿಬಿಡುತ್ತಾರೆ! ಅದಕ್ಕೇ ಅವರು ರುದ್ರಾಣಿಯಂಥ ಹೆಂಗಸರನ್ನು ಸಾಮಾನ್ಯ ಗಿರಾಕಿಯ ಹಾಗೆ ಕಳಿಸುತ್ತಿದ್ದರು. ಸ್ವಂತ ಊರಲ್ಲಿ ಗುರುತು ಹತ್ತುತ್ತದಲ್ಲ, ಹಾಗಾಗಿ ಈ ಊರಿನವಳು ಆ ಊರಿಗೆ. ಹೋಗಬೇಕು, ಕೊಳ್ಳಬೇಕು, ಕಂಡದ್ದನ್ನೆಲ್ಲ ತಲೆಯಲ್ಲಿ ತುಂಬಿಕೊಂಡು ಬಂದು ಕಂಪನಿಯ ಮಹೇಶ್ವರಪ್ಪನಿಗೆ ಒಪ್ಪಿಸಬೇಕು.

ಕೂಲಿ? ಪುಡಿಯ ಬೆಲೆ ಕಂಪನಿಯದು, ಕೊಂಡ ಪುಡಿ ನೀನೇ ಇಟ್ಟುಕೋ. ಅಷ್ಟೇ. ಬಸ್ ಚಾರ್ಜು ಅವಳದೇ. ಅಡಿಕೆ ಸುಲಿಯುವ ಕೂಲಿ ಆ ದಿನ ತಪ್ಪಿದರೆ ಅದೂ ಅವಳದೇ ಲುಕ್ಸಾನು.

"ಈ ಸಲ ಮಹೇಶ್ವರಪ್ಪ ಬಂದಾಗ ಕೂಲಿ ಕೇಳ್ತೀನಿ ಅತ್ತೆ," ಎಂದಳು ಒಂದು ದಿನ ರುದ್ರಾಣಿ.

ದ್ಯಾಮಮ್ಮ ಕೈಯಲ್ಲಿದ್ದ ಮೊರವನ್ನೇ ಕೆಳಗಿಟ್ಟಳು. "ಕೂಲಿನಾ? ಅಂಗಡಿಗೆ ಹೋಗಿ ಬರಾಕೆ ಕೂಲಿ? ಪುಕ್ಸಟ್ಟೆ ಚಾ ಪುಡಿ ಸಿಗ್ತೈತೆ, ಬಾಯಿ ಮುಚ್ಕೊಂಡಿರು. ಹಂಗಾದ್ರೆ ನಾನು ಹುಟ್ಟಿದಾಗಿಂದ ಸಂತೆ ಮಾಡೀನಿ, ನಂಗೆ ಯಾರ್ ಕೊಡ್ಬೇಕು ಸಂಬಳ?"

"ಕೂಲಿ ಸಿಗ್ಲಿಲ್ಲ ಅಂದ್ರೆ ಇದನ್ನ ಬಿಡ್ಬೇಕಾಗ್ತೈತೆ. ಬಸ್ಸಿಗೆ ಹಾಕಿ ಹಾಕಿ ನನ್ ಗಂಟು ಕರಗ್ತಾ ಐತೆ."

"ಬಿಡು! ಚಂದಾಗಿ ಕೂತು ಅಡಿಕೆ ಸುಲಿ."

ರುದ್ರಾಣಿ ಎದ್ದು ಹಿತ್ತಲಿಗೆ ಹೋದಳು. ಅವಳಿಗೆ ಆ ಕೆಲಸ ಜೀವ. ಹಿತ್ತಲಲ್ಲಿ ಪಾತ್ರೆ ಬೆಳಗುತ್ತಾ ಕಂಪನಿಯವರು ಕಲಿಸಿದ ಮಾತನ್ನು ತಿರುಗಿ ತಿರುಗಿ ಹೇಳಿಕೊಳ್ಳುತ್ತಿದ್ದಳು: "ಹೋದ ಸಲ ಒಯ್ದ ಪುಡಿಗೆ ಬಣ್ಣ ಇತ್ತು, ವಾಸನೆ ಇರ್ಲಿಲ್ಲ. ಇದು ಹೊಸ ಮಾಲಾ?" ಕೇಳಿ ಕೇಳಿ ದ್ಯಾಮಮ್ಮನಿಗೆ ಅದು ಬಾಯಿಪಾಠವೇ ಆಗಿತ್ತು.

ಅಷ್ಟರಲ್ಲಿ ಏನಾಯಿತು ಗೊತ್ತೇ? ಬಸ್ಸಿಂದ ಇಳಿಯುವಾಗ ರುದ್ರಾಣಿಯ ಕಾಲು ಉಳುಕಿತು. ಮಾರನೇ ದಿನವೇ ನ್ಯಾಮತಿಯ ಅಂಗಡಿ ನೋಡಿ ಬರಬೇಕು. ತಪ್ಪಿದರೆ ಮಹೇಶ್ವರಪ್ಪ ಬೇರೆಯವರನ್ನು ಹುಡುಕಿಕೊಳ್ಳುತ್ತಾನೆ.

"ಅಷ್ಟಕ್ಕೆ ಯಾಕ್ ಅಳ್ತೀಯ?" ದ್ಯಾಮಮ್ಮ ಸೆರಗು ಬಿಗಿದಳು. "ನಾನು ಹೋಗಿ ಬರ್ತೀನಿ. ಪೊಟ್ಟಣ ತರಾಕೆ ಪಂಡಿತ್ರಾಗ್ಬೇಕಾ?"

"ಅತ್ತೆ, ನೀವು ಯಾರ ಪೈಕಿ ಅಂತ ಮಾತ್ರ ಹೇಳ್ಬೇಡ್ರಿ!"

"ಆಯ್ತು ಬಿಡೇ!"

ಈಗ ನೀವೇ ಹೇಳಿ, ನಮ್ಮ ಸೀಮೆಯಲ್ಲಿ ಯಾರ ಪೈಕಿ ಅಂತ ಹೇಳದೆ ಒಂದು ಸೂಜಿಯನ್ನಾದರೂ ಕೊಳ್ಳಲು ಸಾಧ್ಯವೇ? ನ್ಯಾಮತಿಯ ಅಂಗಡಿಯ ಷಣ್ಮುಖಪ್ಪ ತಕ್ಕಡಿ ಮುಟ್ಟುವ ಮೊದಲೇ ಕೇಳಿದ, "ಯಾವೂರಾತವ್ವ? ಯಾರ ಪೈಕಿ?"

ದ್ಯಾಮಮ್ಮನಿಗೆ ಬಾಯಿಪಾಠವಾಗಿದ್ದ ಮಾತು ಮರೆತೇ ಹೋಯಿತು. ಹುಟ್ಟಿದಾಗಿನಿಂದ ಈ ಪ್ರಶ್ನೆಗೆ ಉತ್ತರ ಕೊಟ್ಟ ನಾಲಿಗೆ, ಸುಮ್ಮನಿರು ಅಂದರೆ ಕೇಳುತ್ತದೆಯೇ? "ಕೊಟ್ಟಿದ್ದು ಚನ್ನಗಿರಿಗೆ, ತವರು ಉಬ್ರಾಣಿ, ಬೈಲಪ್ಪನ ಮಗಳು" ಎಂದು ತಾನೇ ತಾನಾಗಿ ಹೊರಬಂತು.

"ಉಬ್ರಾಣಿ ಬೈಲಪ್ಪಾರ ಮಗಳಾ!" ಷಣ್ಮುಖಪ್ಪ ಎದ್ದೇ ನಿಂತ. "ನಮ್ಮ ದೊಡ್ಡವ್ವನ್ನ ಕೊಟ್ಟಿದ್ದು ಅದೇ ಮನೆತನಕ್ಕಲ್ವಾ! ಏ, ಒಳಗಿಂದ ನೀರು ತರ್ರೀ, ಬೀಗ್ರು ಬಂದಾರೆ!"

ಮುಗಿಯಿತು ಕತೆ. ಮಂಡಕ್ಕಿ ಬಂತು, ಮೆಣಸಿನಕಾಯಿ ಬಜ್ಜಿ ಬಂತು, ಚಾ ಬಂತು, ಎಲೆ ಅಡಿಕೆ ಬಂತು. ಪೊಟ್ಟಣದ ಜೊತೆ ಹಿಡಿ ಬೆಲ್ಲವೂ ಬಂತು. ದುಡ್ಡು ಕೊಡಹೋದರೆ, "ಬೀಗ್ರ ಹತ್ರ ದುಡ್ಡು ತಗೊಂಡ್ರೆ ನಾವು ಮನುಷ್ಯರಾ?" ಎಂದು ಕೈಮುಗಿದ.

ದ್ಯಾಮಮ್ಮ ಗೆದ್ದೆ ಅಂತಲೇ ಮನೆಗೆ ಬಂದಳು. "ನೋಡೇ! ಪುಡಿನೂ ತಂದೆ, ದುಡ್ಡೂ ಉಳಿಸ್ದೆ!"

ರುದ್ರಾಣಿ ಹಣೆ ಹಣೆ ಬಡಿದುಕೊಂಡಳು. ಆಮೇಲೆ ನಗು ತಡೆಯಲಾಗಲಿಲ್ಲ. "ಅಯ್ಯೋ ಅತ್ತೆ, ಅವ್ನು ಗಿರಾಕಿಗೆ ಮಾರ್ಲಿಲ್ಲ, ಬೀಗಿತಿಗೆ ಉಡುಗೊರೆ ಕೊಟ್ಟ! ನಾನು ಮಹೇಶ್ವರಪ್ಪಂಗೆ ಏನಂತ ಹೇಳ್ಲಿ? ಮೊದ್ಲು ಯಾವ ಪುಡಿ ತೆಗೆದ? ಪೊಟ್ಟಣದ ಮೇಲೆ ಧೂಳಿತ್ತಾ? ಬೇರೆ ಗಿರಾಕಿಗೆ ಯಾವ ಬೆಲೆ ಹೇಳ್ದ?"

ದ್ಯಾಮಮ್ಮ ಕಣ್ಣು ಮುಚ್ಚಿ ನೆನಪಿಸಿಕೊಂಡಳು. ಮಂಡಕ್ಕಿ ಬಿಟ್ಟು ಇನ್ನೇನೂ ನೆನಪಾಗಲಿಲ್ಲ.

"ನೀನು ದಿನಾ ಹಿಂಗೆ ನಿಂತ್ಕೋತೀಯಾ?" ಎಂದಳು ಮೆಲ್ಲಗೆ. "ನಂಗೆ ಕಂಕುಳೆಲ್ಲ ಬೆವ್ತು ಹೋಯ್ತು ಕಣೇ."

ಹೋದ ಕೆಲಸ ಕೆಟ್ಟಿತ್ತು. ಮಹೇಶ್ವರಪ್ಪ ಬರುವುದರೊಳಗೆ ಹೊನ್ನಾಳಿಯ ಅಂಗಡಿಯಾದರೂ ಸರಿಯಾಗಬೇಕು. ಕಾಲಿನ ಊತ ಇಳಿದ ಮೇಲೆ ರುದ್ರಾಣಿ ಹೊರಟಳು. ಆಸರೆಗೆ ಅಂತ ದ್ಯಾಮಮ್ಮ ಜೊತೆಗೆ ಹೋದಳು. ನಿಜ ಹೇಳಬೇಕೆಂದರೆ ಆಸರೆಗಲ್ಲ, ನೋಡುವ ಆಸೆಗೆ.

ಹೊನ್ನಾಳಿಯಲ್ಲಿ ಎದುರಿನ ಕಟ್ಟೆಯ ಮೇಲೆ ಕುಳಿತು ದ್ಯಾಮಮ್ಮ ನೋಡಿದಳು. ನೋಡುತ್ತಾ ನೋಡುತ್ತಾ ಬಾಯಿ ತೆರೆದದ್ದು ತೆರೆದೇ ಇತ್ತು! ಅಂಗಡಿಯ ಮೆಟ್ಟಿಲು ಹತ್ತಿದ್ದು ಅವಳ ಸೊಸೆಯೇ ಅಲ್ಲ. ನಡಿಗೆ ಬೇರೆ, ದನಿ ಬೇರೆ, ಸೆರಗು ಹೊದ್ದ ರೀತಿಯೇ ಬೇರೆ. ಮನೆಯಲ್ಲಿ ತಲೆ ತಗ್ಗಿಸಿ ಮಾತಾಡುವ ಹುಡುಗಿ ಇಲ್ಲಿ ಗಡಿಬಿಡಿಯ ಗರತಿ!

"ಯಾವೂರಮ್ಮ, ಯಾರ ಪೈಕಿ?" ಅಂಗಡಿಯವನು ಕೇಳಿಯೇಬಿಟ್ಟ.

ಕಟ್ಟೆಯ ಮೇಲೆ ದ್ಯಾಮಮ್ಮ ಮುಂದಕ್ಕೆ ಬಾಗಿ ಕಿವಿಗೊಟ್ಟಳು.

"ಯಜಮಾನ್ರೇ, ಬಸ್ ಹೊಂಟ್ರೆ ನಮ್ಮತ್ತೆಯವ್ರು ಬೈಕೊಂಡು ಇಲ್ಲಿಗೇ ಬರ್ತಾರೆ. ಆಗ ಅವ್ರನ್ನೇ ಕೂರಿಸ್ಕೊಂಡು ವಂಶಾವಳಿ ಕೇಳ್ರಿ. ಈಗ ಚಾ ಪುಡಿ ಕೊಡ್ರಿ!"

ಅಂಗಡಿಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಹೆಸರಿಲ್ಲ, ಊರಿಲ್ಲ, ಸುಳ್ಳೂ ಇಲ್ಲ! ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ದ್ಯಾಮಮ್ಮನಿಗೆ ಎದ್ದು ಹೋಗಿ ದೃಷ್ಟಿ ತೆಗೆಯಬೇಕು ಅನ್ನಿಸಿತು.

ಆಮೇಲೆ ಹೊಳೆಯ ಹತ್ತಿರ ಕುಳಿತು ರುದ್ರಾಣಿ ಎಲ್ಲವನ್ನೂ ಕಣ್ಣಿಗೆ ಕಟ್ಟಿದಂತೆ ಹೇಳಿದಳು. ಕೆಂಬೆಳಗು ಕೇಳಿದರೆ ಮೊದಲು ಬೇರೆ ಪುಡಿ ತೋರಿಸಿದನಂತೆ. ಅದು ತಪ್ಪು. ಆದರೆ ಮುದುಕಿಯೊಬ್ಬಳು ಕಣ್ಣು ಕಾಣದೆ ಜಾಸ್ತಿ ದುಡ್ಡಿಟ್ಟಾಗ ಕರೆದು ವಾಪಸ್ ಕೊಟ್ಟನಂತೆ.

"ಅದನ್ನೂ ಹೇಳ್ತೀಯಾ?" ಎಂದಳು ದ್ಯಾಮಮ್ಮ.

"ಹೇಳ್ದೇ ಇರ್ತೀನಾ? ನನ್ ಒಂದ್ ಮಾತಿಗೆ ಅವ್ನ ಅಂಗಡಿಗೆ ಮಾಲು ನಿಲ್ಬೋದು ಅತ್ತೆ. ಅವನಿಗೂ ಹೆಂಡ್ರು ಮಕ್ಳು ಅದಾರೆ. ಕಂಡಷ್ಟೇ ಹೇಳ್ಬೇಕು, ಕಂಡಿದ್ದೆಲ್ಲ ಹೇಳ್ಬೇಕು."

ದ್ಯಾಮಮ್ಮ ಸೊಸೆಯ ಮುಖವನ್ನೇ ನೋಡಿದಳು. ಒಬ್ಬ ಮನುಷ್ಯನ ಅನ್ನ ಈ ಹುಡುಗಿಯ ನಾಲಿಗೆಯ ತುದಿಯಲ್ಲಿದೆ. ಅದನ್ನು ಇವಳು ತುಂಬಿದ ಕೊಡದ ಹಾಗೆ, ತುಳುಕದಂತೆ ಹೊತ್ತು ತರುತ್ತಾಳೆ. ಇದನ್ನೇ ತಾನು ತಿರುಗಾಟ ಅಂದದ್ದು!

ಬಸ್ ಸ್ಟ್ಯಾಂಡಿಗೆ ಹೊರಟವರು ಅದೇ ಅಂಗಡಿಯ ಮುಂದೆ ಬಂದರು. ಒಳಗಿಂದ ಒಬ್ಬ ಹೆಂಗಸಿನ ದನಿ ಕೇಳಿಸಿತು. "ಹೋದ ಸಲ ಒಯ್ದ ಪುಡಿಗೆ ಬಣ್ಣ ಇತ್ತು, ವಾಸನೆ ಇರ್ಲಿಲ್ಲ. ಇದು ಹೊಸ ಮಾಲಾ?"

ದ್ಯಾಮಮ್ಮನ ಮೈ ಜುಮ್ಮೆಂದಿತು. ಅದೇ ಮಾತು! ಒಂದಕ್ಷರ ಆಚೆ ಇಲ್ಲ, ಈಚೆ ಇಲ್ಲ!

"ಏ ರುದ್ರಾಣಿ, ಇನ್ನೊಬ್ಳು ನೀನು!"

ಆ ಹೆಂಗಸು ಮೂಲೆ ತಿರುಗುವವರೆಗೆ ಕಾದು ದ್ಯಾಮಮ್ಮ ಅಡ್ಡ ನಿಂತಳು. "ತಾಯಿ, ನಿಂಗೂ ಮಹೇಶ್ವರಪ್ಪನೇ ಪಾಠ ಹೇಳಿಕೊಟ್ನಾ?"

ಅವಳ ಮುಖ ಬಿಳಿಚಿಕೊಂಡಿತು. ಜಗಳೂರಿನ ದುರುಗಕ್ಕ ಅವಳು. ಸಮಾಧಾನ ಮಾಡಿ ಕೂರಿಸಿ ಕೇಳಿದರೆ ಒಂದೊಂದೇ ಹೊರಬಂತು. ಅವಳಿಗೂ 'ಇಡೀ ಸೀಮೆಗೆ ನೀನೊಬ್ಬಳೇ' ಅಂದಿದ್ದರು. ಅವಳಿಗೂ 'ಯಾರಿಗೂ ಹೇಳಬೇಡ' ಅಂದಿದ್ದರು. ಒಬ್ಬರು ಹೇಳಿದ್ದು ನಿಜವೋ ಅಂತ ನೋಡಲು ಅದೇ ಅಂಗಡಿಗೆ ಇನ್ನೊಬ್ಬರನ್ನು ಕಳಿಸುತ್ತಿದ್ದರು ಅಂತ ಮೂವರಿಗೂ ಈಗ ಹೊಳೆಯಿತು. ಆದರೆ ದುರುಗಕ್ಕನಿಗೆ ಬಸ್ ಚಾರ್ಜು ಕೊಡುತ್ತಿದ್ದರು!

"ನಂಗೆ ಕೊಡಲ್ಲ!" ಎಂದಳು ರುದ್ರಾಣಿ.

"ನ್ಯಾಮತಿ ಚೌಡಕ್ಕಂಗೆ ಚಾ ಪುಡಿನೂ ವಾಪಸ್ ಕೇಳ್ತಾರಂತೆ," ಎಂದಳು ದುರುಗಕ್ಕ. "ನಮ್ ಸೋದರತ್ತಿ ಮಗಳು. ಅವ್ಳು ಬಾಯಿಬಿಟ್ಟಿದ್ದಕ್ಕೆ ಗೊತ್ತಾತು."

ಒಂದೇ ಕೆಲಸ, ಒಂದೇ ಮಾತು, ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ! ಮೂವರೂ ಬೆರಗಾಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಊರಿಗೆ ಬಂದವರೇ ಅತ್ತೆ ಸೊಸೆ ಸೀದಾ ಸಾವಂತ್ರಮ್ಮನ ಮನೆಗೆ ಹೋದರು. ಆಕೆ ಓಣಿಯ ಮಹಿಳಾ ಮಂಡಲಿ ನಡೆಸುವವಳು.

"ಕೂಲಿ ಕೇಳಿದ್ರೆ ಕೆಲ್ಸಾನೇ ಹೋಗ್ತೈತೇನೋ ಅಂತ ಭಯ," ಎಂದಳು ರುದ್ರಾಣಿ. "ಗುಟ್ಟು ಒಡೆದಂಗೂ ಆಗ್ತೈತೆ."

"ಯಾವ ಗುಟ್ಟು?" ಸಾವಂತ್ರಮ್ಮ ನಕ್ಕಳು. "ಯಾವ ಅಂಗಡಿಗೆ ಹೋಗಿದ್ರಿ, ಏನ್ ನೋಡಿದ್ರಿ, ಅದು ಗುಟ್ಟು. ಅದನ್ನ ನಂಗೂ ಹೇಳ್ಬೇಡ್ರಿ. ನಿಮ್ ಕೂಲಿ ಏನು ಅನ್ನೋದು ಯಾಕ್ರೀ ಗುಟ್ಟು? ಅದನ್ನ ಮುಚ್ಚಿಟ್ರೆ ಲಾಭ ಯಾರಿಗೆ? ಒಬ್ಳೇ ಕೇಳಿದ್ರೆ 'ನಾಳೆಯಿಂದ ಬರ್ಬೇಡ' ಅಂತಾರೆ. ಎಲ್ರೂ ಒಂದೇ ಮಾತು ಕೇಳ್ರಿ. ಒಂದೇ ಮಾತು ಹೇಳೋದನ್ನ ಅವ್ರೇ ಕಲಿಸಿದಾರಲ್ಲ!"

ಮಹೇಶ್ವರಪ್ಪ ಬಂದ ದಿನ ಅವನಿಗೆ ಚಾಪೆ ಹಾಸಿತ್ತು. ಎದುರಿಗೆ ರುದ್ರಾಣಿ, ಹೇಳಿಕಳಿಸಿ ಕರೆಸಿದ್ದ ದುರುಗಕ್ಕ, ಚೌಡಕ್ಕ ಸಾಲಾಗಿ ಕುಳಿತಿದ್ದರು. ಅವನು ಚಪ್ಪಲಿ ಬಿಡುವುದನ್ನೇ ಮರೆತ.

"ಇವ್ರು... ಇಲ್ಲಿ... ಹೆಂಗೆ?"

"ಯಾರ ಪೈಕಿ ಅಂತ ಕೇಳ್ತೀರಾ?" ದ್ಯಾಮಮ್ಮ ಚಾ ಲೋಟ ಮುಂದಿಟ್ಟಳು. "ಎಲ್ಲಾ ಒಂದೇ ಪೈಕಿ. ನಿಮ್ ಕಂಪನಿ ಪೈಕಿ!"

ಅವನು ಸಾವರಿಸಿಕೊಂಡು ನಕ್ಕ. "ಅವ್ವ, ಅಂಗಡಿಗೆ ಹೋಗಿ ಬರೋದೂ ಒಂದು ಕೆಲ್ಸಾನಾ?"

ತಾನೇ ಆಡಿದ ಮಾತು ತನ್ನ ಮನೆಯಲ್ಲೇ ಎದುರು ಬಂದು ಕುಳಿತಂತಾಯಿತು ದ್ಯಾಮಮ್ಮನಿಗೆ.

"ಹಂಗಾದ್ರೆ ನೀವೇ ಹೋಗಿ ಬರ್ರಿ."

"ನಾನು ಹೆಂಗೆ ಹೋಗ್ಲಿ? ನನ್ ಮುಖ ಎಲ್ಲಾರಿಗೂ ಗೊತ್ತು."

"ಅದಕ್ಕೇ ಇವ್ರ ಮುಖ ಬೇಕು, ಕಣ್ಣು ಬೇಕು, ನೆನಪು ಬೇಕು. ನಾನೂ ಹಂಗೇ ಅಂದಿದ್ದೆ ಸ್ವಾಮಿ. ಒಂದ್ಸಲ ಹೋದೆ, ಮಂಡಕ್ಕಿ ತಿಂದು ಬಂದೆ! ಇದು ಎಲ್ಲಾರ ಕೈಲಾಗೋ ಕೆಲ್ಸ ಅಲ್ಲ. ಬಸ್ ಚಾರ್ಜು ಕೊಡ್ರಿ, ದಿನದ ಕೂಲಿ ಕೊಡ್ರಿ. ಮೂವರಿಗೂ ಒಂದೇ ಸಮ."

"ನಾನೂ ಸಂಬಳಕ್ಕೆ ದುಡಿಯೋನೇ ಅವ್ವ. ಮೇಲಿನವ್ರನ್ನ ಕೇಳ್ಬೇಕು."

"ಕೇಳ್ರಿ. ಅಲ್ಲಿ ತನಕ ನಾವ್ಯಾರೂ ಬಸ್ ಹತ್ತಲ್ಲ," ಎಂದಳು ರುದ್ರಾಣಿ. ಮೆಲ್ಲಗೇ ಹೇಳಿದಳು. ಆದರೆ ಹೊನ್ನಾಳಿಯ ಅಂಗಡಿಯಲ್ಲಿ ಕೇಳಿದ ಅದೇ ದನಿ.

ಅವನು ಹೋದ. ವಾರ ಕಳೆಯಿತು, ಸುದ್ದಿಯಿಲ್ಲ. ರುದ್ರಾಣಿ ಮತ್ತೆ ಅಡಿಕೆ ಸುಲಿಯಲು ಕುಳಿತಳು. ಅಡಿಕೆ ಚೊಗರು ಹತ್ತಿದ ಅವಳ ಬೆರಳು ನೋಡಿದಾಗಲೆಲ್ಲ ದ್ಯಾಮಮ್ಮ ತನ್ನನ್ನೇ ಕೇಳಿಕೊಳ್ಳುತ್ತಿದ್ದಳು: ತಾನೇ ಬಾಯಿ ಮಾಡಿ ಕೆಡಿಸಿದೆನೇನೋ? ಆದರೆ ಅತ್ತ ಜಗಳೂರಲ್ಲಿ ದುರುಗಕ್ಕ ಬಸ್ ಹತ್ತಲಿಲ್ಲ, ಇತ್ತ ನ್ಯಾಮತಿಯಲ್ಲಿ ಚೌಡಕ್ಕನೂ ಹತ್ತಲಿಲ್ಲ. ಮಹೇಶ್ವರಪ್ಪ ಹೊಸಬರನ್ನು ಕಳಿಸಿ ನೋಡಿದ. ಅವರೂ ಎಲ್ಲೋ ಯಾರಿಗೋ ಬೀಗರಾಗಿ, ಹೊಟ್ಟೆ ತುಂಬಾ ಉಂಡು ಬಂದರಂತೆ!

ಕೊನೆಗೆ ಅವನೇ ದ್ಯಾಮಮ್ಮನ ಮನೆಗೆ ಬಂದ, ದುರುಗಕ್ಕ ಚೌಡಕ್ಕರನ್ನೂ ಅಲ್ಲಿಗೇ ಕರೆಸಿದ. ಬಸ್ ಚಾರ್ಜು ಸರಿ, ದಿನದ ಕೂಲಿ ಸರಿ, ಎಲ್ಲರಿಗೂ ಒಂದೇ. ಹೋದಾಗ ಅಂಗಡಿ ಮುಚ್ಚಿದ್ದರೂ ಓಡಾಟದ ದುಡ್ಡು ಸರಿ. ಊಟದ ಖರ್ಚು ಮಾತ್ರ ಆಗಲ್ಲ ಎಂದ.

"ಹೋಗ್ಲಿ ಬಿಡ್ರಿ, ರೊಟ್ಟಿ ಕಟ್ಕೊಂಡು ಹೋಗ್ತೀವಿ," ಎಂದಳು ದುರುಗಕ್ಕ. "ಮುಂದಿನ ಸಲ ಅದನ್ನೂ ಕೇಳ್ತೀವಿ!"

ಮರುದಿನ ಬೆಳಿಗ್ಗೆ ರುದ್ರಾಣಿ ಬುತ್ತಿ ಹಿಡಿದು ಹೊರಟಳು. ಎದುರುಮನೆಯವಳು ರಂಗೋಲಿ ಬಿಟ್ಟು ತಲೆಯೆತ್ತಿದಳು. "ಏನ್ ದ್ಯಾಮಮ್ಮ, ಸೊಸೆ ಎತ್ಲಾಗೆ ಹೊಂಟ್ಲು?"

ದ್ಯಾಮಮ್ಮ ಬಾಗಿಲು ಎಳೆದುಕೊಳ್ಳಲಿಲ್ಲ. ಎರಡೂ ಕದ ಅಗಲಕ್ಕೆ ತೆರೆದು, ಓಣಿಯ ಕೊನೆಯವರೆಗೂ ಕೇಳುವಂತೆ ಹೇಳಿದಳು.

"ಕೆಲ್ಸಕ್ಕೆ!"

ಅಕ್ಕಂದಿರೇ, ತಂಗಿಯರೇ, ನಿಮ್ಮ ಮನೆಯಲ್ಲೂ ಇಂಥ ಒಬ್ಬ ರುದ್ರಾಣಿ ಇರಬಹುದು. ನೀವೇ ಆಗಿರಬಹುದು! ಯಾರದೋ ಪರವಾಗಿ ಅಂಗಡಿಗೆ ಹೋಗಿ, ನೋಡಿ, ನೆನಪಿಟ್ಟುಕೊಂಡು ಬಂದು ಹೇಳುತ್ತೀರಾ? ಅದು ಪುಕ್ಕಟೆ ಪೊಟ್ಟಣದ ಆಟವಲ್ಲ, ದುಡಿಮೆ. ಹೊರಡುವ ಮೊದಲೇ ಬಾಯಿಬಿಟ್ಟು ಕೇಳಿ: ದಾರಿ ಖರ್ಚು ಯಾರದು, ನನ್ನ ದಿನದ ಕೂಲಿ ಎಷ್ಟು, ಹೋದ ಕೆಲಸ ನನ್ನ ತಪ್ಪಿಲ್ಲದೆ ಕೆಟ್ಟರೆ ಏನು? ಅಂಗಡಿಯ ಗುಟ್ಟು ಕಾಪಾಡಿ. ಕೂಲಿಯ ಮಾತನ್ನು ಮಾತ್ರ ನಿಮ್ಮ ಹಾಗೆ ದುಡಿಯುವವರ ಜೊತೆ ಹಂಚಿಕೊಳ್ಳಿ. ಅತ್ತೆಯಂದಿರೇ, ನಿಮಗೂ ಒಂದು ಮಾತು. ಸೊಸೆಯ ಕೆಲಸ ಸುಲಭ ಅನ್ನಿಸಿದರೆ ಒಂದು ದಿನ ನೀವೇ ಹೋಗಿ ನೋಡಿ. ಮಂಡಕ್ಕಿ ಚೆನ್ನಾಗಿಯೇ ಇರುತ್ತದೆ!