ಬಲಮೂಲೆಯ ಕರಿ ಪತಂಗ

“ಅಲ್ಲೆ ಐತಿ ನೋಡು, ಬಲಕ್ಕ ಮ್ಯಾಲೆ,” ಎಂದು ಕುಬೇರಪ್ಪ ಹಗ್ಗಕ್ಕೆ ಕಟ್ಟಿದ ಬಿಳಿ ಧೋತರದತ್ತ ಬೆರಳು ಮಾಡಿದ.

ಸಾವಿತ್ರೆವ್ವ ಚಹಾದ ಕಪ್ಪನ್ನು ಒಗೆಯುವ ಕಲ್ಲಿನ ಮೇಲಿಟ್ಟು, ಸೆರಗಿನಿಂದ ಚಸ್ಮಾ ಒರೆಸಿಕೊಂಡು ನೋಡಿದಳು. ಧೋತರದ ನಡುವೆ ಹತ್ತಾರು ಪತಂಗಗಳು ರೆಕ್ಕೆ ಹಾಸಿಕೊಂಡು ಕೂತಿದ್ದವು. ಬಲಮೂಲೆ ಮಾತ್ರ ಅಗದಿ ಬೆಳ್ಳಗಿತ್ತು. ಅಲ್ಲೇನೂ ಇರಲಿಲ್ಲ.

“ಕಂಡತಿಲ್ಲೊ?”

“ಹೂಂ,” ಎಂದಳು. ನಲವತ್ತು ವರ್ಷದ ಸಂಸಾರದಲ್ಲಿ ಗಂಡನ ಮಾತಿಗೆ ನೋಡದೆಯೇ ಹೂಂ ಅಂದದ್ದು ಲೆಕ್ಕವಿಲ್ಲ. ನೋಡಿ, ಏನೂ ಕಾಣದೆ ಹೂಂ ಅಂದದ್ದು ಇದೇ ಮೊದಲು.

ತಿರ್ಲಾಪುರದ ಆ ಹಿತ್ತಲು ದೊಡ್ಡದೇನಲ್ಲ. ಒಂದು ನುಗ್ಗೆಗಿಡ, ಒಂದು ಕರಿಬೇವು, ಗೋಡೆಗೆ ಹಬ್ಬಿದ ಹೀರೆಬಳ್ಳಿ, ಬಚ್ಚಲ ನೀರು ಕುಡಿದು ಸೊಕ್ಕಿದ ನಾಲ್ಕು ಬಾಳೆ. ಮೂವತ್ತೈದು ವರ್ಷ ಲೈನ್‌ಮನ್ ಆಗಿ ಕರೆಂಟಿನ ಕಂಬ ಹತ್ತಿಳಿದು ನಿವೃತ್ತನಾದ ಕುಬೇರಪ್ಪನಿಗೆ ನೆಲದ ಮೇಲೆ ಮಾಡುವ ಕೆಲಸವೇ ತೋಚುತ್ತಿರಲಿಲ್ಲ. ಅಣ್ಣಿಗೇರಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಗಳು ಅಮೃತಾ ಮಳೆಗಾಲದ ಆರಂಭಕ್ಕೆ ಬಂದವಳು, “ಅಪ್ಪಾ, ಒಂದು ಬಿಳೇ ಬಟ್ಟಿ ಕಟ್ಟಿ ಬಾಜುಕ ಬಲ್ಬ್ ಹಚ್ಚಿಡು. ಮುಂಜಾನೆದ್ದು ಎಷ್ಟು ಪತಂಗ ಕುಂತಾವ, ಎಂಥಾವು ಕುಂತಾವ ಬರಕೊ,” ಎಂದು ಹೇಳಿ ಹೋದದ್ದೇ ತಡ, ಅಪ್ಪನಿಗೆ ಹುಚ್ಚು ಹಿಡಿಯಿತು. ಕಾಜಾಣಗಳು ಬಂದು ನಾಷ್ಟಾ ಮಾಡಿಕೊಂಡು ಹೋಗುವುದರೊಳಗೆ ಎದ್ದು, ಎಣಿಸಿ, ಫೋನಿನಲ್ಲಿ ಫೋಟೊ ಹೊಡೆದು, ಹಳೆಯದೊಂದು ಡೈರಿಯಲ್ಲಿ ಬರೆದಿಡುತ್ತಿದ್ದ. ಪುಸ್ತಕದ ಹೆಸರು ಮಗಳಿಗಿರಲಿ, ಅವನು ಇಟ್ಟ ಹೆಸರೇ ಬೇರೆ. ರೆಕ್ಕೆಯ ಮೇಲೆ ಮೂರು ಗೆರೆ ಇದ್ದದ್ದು ‘ತ್ರೀ ಫೇಜ್’. ದಪ್ಪ ಹೊಟ್ಟೆಯದು ‘ಟ್ರಾನ್ಸ್‌ಫಾರ್ಮರ್’. ಮುಟ್ಟಿದೊಡನೆ ಸತ್ತಂತೆ ಬೀಳುವುದು ‘ಫ್ಯೂಜ್’.

ಬಲಮೂಲೆಯ ಕರಿದು ಮಾತ್ರ ‘ಕಳ್ಳ’. ನೆಟ್ಟಗೆ ನೋಡಲು ಹೋದರೆ ಸರಿಯುತ್ತದಂತೆ, ಫೋಟೊಕ್ಕೆ ಸಿಗುವುದಿಲ್ಲವಂತೆ, ಮೀಟರು ತಪ್ಪಿಸಿ ತಂತಿಗೆ ಕೊಂಡಿ ಹಾಕುವವರಿಗಿಂತ ಚಾಲಾಕಿಯಂತೆ. ಇದು ಯಾರ ಪುಸ್ತಕದಲ್ಲೂ ಇರದ ಜಾತಿಯೇ ಸೈ, ಮಗಳು ದೊಡ್ಡವರಿಗೆ ಕಳಿಸಿದರೆ ತಿರ್ಲಾಪುರದ ಹೆಸರು ಬರುತ್ತದೆ ಎಂದು ಅವನು ಒಳಗೊಳಗೇ ಉಬ್ಬಿದ್ದ. ಅವನು ಹಾಗೆ ಉಬ್ಬಿದ್ದನ್ನು ನೋಡಲು ಸಾವಿತ್ರೆವ್ವನಿಗೂ ಚಂದವೆನಿಸುತ್ತಿತ್ತು. ಅದಕ್ಕೇ ಹೂಂ ಅಂದಿದ್ದಳು.

ಅವತ್ತು ಮಧ್ಯಾಹ್ನ ರೊಟ್ಟಿ ಮುಗಿದ ಮೇಲೆ ತಾಟಿಗೆ ಅನ್ನ ಬಡಿಸಿದಳು. ಕುಬೇರಪ್ಪ ಎಡಗೈ ಬೀಸಿ ನೊಣ ಓಡಿಸಿದ. ಮತ್ತೆ ಬೀಸಿದ.

“ಈ ನೊಣದ ಕಾಟ ಸಾಕಾಗೇತಿ ನೋಡು,” ಎಂದ.

ತಾಟಿನ ಮೇಲೆ ನೊಣವಿರಲಿಲ್ಲ. ಬರೀ ಬಿಳಿ ಅನ್ನವಿತ್ತು, ಅದಕ್ಕಿನ್ನೂ ಸಾರು ಬಿದ್ದಿರಲಿಲ್ಲ.

ಸಾವಿತ್ರೆವ್ವ ಸಾರಿನ ಸೌಟನ್ನು ಪಾತ್ರೆಗೆ ಮರಳಿ ಇಟ್ಟು ಅವನ ಕಣ್ಣನ್ನೇ ನೋಡಿದಳು. ಗಂಡನದು ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ. ಗುಳಿಗೆಯನ್ನೇನೋ ತಪ್ಪದೆ ನುಂಗುತ್ತಿದ್ದ, ಯಾಕೆಂದರೆ ಅವಳು ಎದುರಿಗೆ ನಿಂತು ನುಂಗಿಸುತ್ತಿದ್ದಳು. ಕಣ್ಣು ತೋರಿಸಿಕೊಂಡು ಬಾ ಎಂದು ನವಲಗುಂದದ ಡಾಕ್ಟರು ಹೇಳಿ ಎರಡು ವರ್ಷವಾಗಿತ್ತು. “ಕೆಳಗ ನಿಂತು ಕಂಬದ ತುದಿಯ ಪಿಂಗಾಣಿ ಸೀಳಿದ್ದು ಹೇಳ್ತೀನಿ, ನನ್ನ ಕಣ್ಣಿಗೇನಾಗೇತಿ?” ಎಂದು ಮಾತು ಹಾರಿಸಿಬಿಟ್ಟಿದ್ದ. ಅದು ಸೊಕ್ಕಲ್ಲ, ಅಂಜಿಕೆ ಎಂಬುದು ಅವಳಿಗೆ ಗೊತ್ತು. ಅವನ ಅಪ್ಪ ಕಡೆಯ ಆರು ವರ್ಷ ಕಣ್ಣು ಕಳಕೊಂಡು, ಪಡಸಾಲೆಯಿಂದ ಬಚ್ಚಲಿನವರೆಗೆ ಕಟ್ಟಿದ ಹಗ್ಗ ಹಿಡಿದು ಓಡಾಡಿದ್ದ. ಆ ಹಗ್ಗ ಕಟ್ಟಿದವನು ಕುಬೇರಪ್ಪನೇ.

ಅವನು ಅಡ್ಡಾದ ಮೇಲೆ ಡೈರಿ ತೆಗೆದಳು. ಜುಲೈ ಇಪ್ಪತ್ತೆರಡರ ಹಾಳೆಯಲ್ಲಿ ಹೀಗಿತ್ತು: ‘ಕಳ್ಳ, ಒಂದು. ಸಾಸಿವಿಯಷ್ಟು.’ ಆಗಸ್ಟಿನಲ್ಲಿ ‘ಹೆಸರುಕಾಳಿನಷ್ಟು, ದಿನಾ ಬರ್ತೈತಿ.’ ಸೆಪ್ಟೆಂಬರಿನಲ್ಲಿ ‘ಕಡ್ಲಿಯಷ್ಟು. ಮೈ ಹಿಡದೈತಿ.’ ಓದಿ ಮುಗಿಸಿದವಳು ಸಾಸಿವೆಯಿಂದ ಕಡಲೆಯವರೆಗಿನ ಹಾಳೆಗಳನ್ನು ಮತ್ತೊಮ್ಮೆ ತಿರುವಿದಳು. ಪತಂಗದ ರೆಕ್ಕೆಯ ಪುಡಿ ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತವೆ ಎಂದು ಬಾಜು ಮನೆಯ ಬಸಕ್ಕ ಮೊದಲಿನಿಂದಲೂ ಹೇಳುತ್ತಿದ್ದಳು. ದೇವರೇ, ಪುಡಿಯೇ ಆಗಿರಲಪ್ಪ, ತೊಳೆದರೆ ಹೋಗುತ್ತದೆ ಎಂದುಕೊಂಡಳು. ಸಂಜೆಗೆ ಅಮೃತಾಗೆ ಫೋನು ಮಾಡಿದಳು. ಅವಳು ಅಲ್ಲಿಂದಲೇ ಹುಬ್ಬಳ್ಳಿಯ ಕಣ್ಣಿನ ದವಾಖಾನೆಗೆ ಮರುದಿನದ ಪಾಳಿ ಹಚ್ಚಿದಳು. ಇನ್ನು ಉಳಿದದ್ದು ಗಂಡನಿಗೆ ಹೇಳುವುದು.

ಮರುದಿನ ಬೆಳಗಿನ ಜಾವ ಅವನಿಗಿಂತ ಮೊದಲೇ ಹಿತ್ತಲಿಗೆ ಬಂದು ನಿಂತಿದ್ದಳು.

“ಏನವಾ, ಇವತ್ತ ನೀನೂ ಡ್ಯೂಟಿಗೆ ಬಂದಿ?” ಎಂದು ಕುಬೇರಪ್ಪ ನಕ್ಕ.

“ಕಳ್ಳ ಬಂದಾನೇನು ನೋಡ್ರಿ.”

“ಬಂದಾನ. ಅಲ್ಲೇ ಕುಂತಾನ.”

“ಬಲಗಣ್ಣ ಮುಚ್ಚರಿ.”

“ಯಾಕ?”

“ಮುಚ್ಚರಿ, ಹೇಳ್ತೀನಿ.”

ಅವನು ಅಂಗೈಯಿಂದ ಬಲಗಣ್ಣು ಮುಚ್ಚಿದ. “ಹಾರಿಹೋತು,” ಎಂದ.

“ಈಗ ತಗೀರಿ.”

“ಬಂತು.”

“ಮತ್ತ ಮುಚ್ಚರಿ.”

ಅವನು ಅಂಗೈಯನ್ನು ಕಣ್ಣಿಗೆ ಹಿಡಿದ, ತೆಗೆದ, ಹಿಡಿದ. ಧೋತರ ಬಿಟ್ಟು ಸುಣ್ಣದ ಗೋಡೆ ನೋಡಿದ. ಗೋಡೆ ಬಿಟ್ಟು ಬೆಳ್ಳಗಾಗುತ್ತಿದ್ದ ಆಕಾಶ ನೋಡಿದ. ಮೂವತ್ತೈದು ವರ್ಷ ಎಲ್ಲಿ ತಂತಿ ತಪ್ಪಿದೆ ಎಂದು ಹುಡುಕಿದವನಿಗೆ ಬಿಡಿಸಿ ಹೇಳುವುದೇನೂ ಉಳಿದಿರಲಿಲ್ಲ.

“ಫಾಲ್ಟ್ ಲೈನಿನಾಗಿಲ್ಲ,” ಎಂದ ನಿಧಾನಕ್ಕೆ. “ಮನ್ಯಾಗ ಐತಿ.”

ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟ. ಸಾವಿತ್ರೆವ್ವನಿಗೆ ಅವನ ಮುಖ ನೋಡಲಾಗಲಿಲ್ಲ. ಹೆಂಡತಿಯಾಗಿ ಅವನ ಎಷ್ಟೋ ಹುಚ್ಚಾಟ ನಿಲ್ಲಿಸಿದ್ದಳು, ಇಷ್ಟು ಸಂಕಟ ಯಾವತ್ತೂ ಆಗಿರಲಿಲ್ಲ.

“ದಸರಾ ಮುಗೀಲಿ. ಆಮ್ಯಾಲೆ ಹೋಗೂಣು,” ಎಂದ ಅವನು.

ಸಾವಿತ್ರೆವ್ವ ಧೋತರದ ಮೇಲಿನ ಪತಂಗಗಳನ್ನು ಮೆಲ್ಲಗೆ ಬಾಳೆಯ ಕಡೆ ಝಾಡಿಸಿ, ಧೋತರ ಬಿಚ್ಚಿ, ನಾಲ್ಕು ಮಡಿಕೆ ಮಾಡಿ ಬಗಲಿಗಿಟ್ಟುಕೊಂಡಳು. “ಹುಬ್ಬಳ್ಳಿ ದವಾಖಾನ್ಯಾಗ ಅಮೃತಾ ಇವತ್ತಿನ ಪಾಳಿ ಹಚ್ಯಾಳ. ರೊಟ್ಟಿ ಕಟ್ಟೇನಿ. ಏಳರ ಬಸ್ಸಿಗೆ ಹೊಂಡೂದು. ಕಣ್ಣ ತೋರಿಸಿಕೊಂಡ ಬರೂತನಕ ಈ ಧೋತರ ನನ್ನ ಹಂತ್ಯಾಕ ಇರತೈತಿ.”

“ನೀ ಭಾರಿ ಜಬರದಸ್ತ್ ಅದಿ ಬೇ,” ಎಂದ ಕುಬೇರಪ್ಪ. ಧ್ವನಿ ಸಣ್ಣಗಾಗಿತ್ತು, ಆದರೂ ಎದ್ದ.

ಹುಬ್ಬಳ್ಳಿಯ ದವಾಖಾನೆಯಲ್ಲಿ ಕಣ್ಣಿಗೆ ಹನಿ ಹಾಕಿ ಎರಡು ತಾಸು ಕೂಡಿಸಿದರು. ಮಂದಿಯ ಎದುರಿಗೆ ಎಂದೂ ಗಂಡನ ಕೈ ಮುಟ್ಟದ ಸಾವಿತ್ರೆವ್ವ ಅವತ್ತು ಎರಡೂ ತಾಸು ಅವನ ಕೈ ಹಿಡಿದೇ ಕೂತಿದ್ದಳು. ಒಳಗೆ ಕರೆದ ಡಾಕ್ಟರು ಮುಬಶಿರಾ, ಅಮೃತಾಳಿಗಿಂತ ಚಿಕ್ಕವಳು. ದೀಪ ಬಿಟ್ಟು ಎರಡೂ ಕಣ್ಣು ನೋಡಿ ಕೇಳಿದಳು, “ಯಾವಾಗಿಂದ ಹಿಂಗ ಕರೇದು ಕಾಣಾಕತ್ತೇತ್ರಿ ಕಾಕಾ?”

“ಈಗ, ನಾಕೆಂಟ ದಿನ ಆತ್ರಿ,” ಎಂದ ಕುಬೇರಪ್ಪ, ಕಣ್ಣು ಮಿಟುಕಿಸದೆ.

ಸಾವಿತ್ರೆವ್ವ ಚೀಲದಿಂದ ಡೈರಿ ತೆಗೆದು ಮೇಜಿನ ಮೇಲಿಟ್ಟಳು. ಡಾಕ್ಟರು ಹಾಳೆ ತಿರುವಿ, “ಇದ್ಯಾರ್ರಿ ಕಳ್ಳ?” ಎಂದು ನಕ್ಕಳು. ಇನ್ನಷ್ಟು ಹಾಳೆ ತಿರುವಿದ ಮೇಲೆ ನಗು ನಿಂತಿತು. ಸಾಸಿವೆ, ಹೆಸರುಕಾಳು, ಕಡಲೆಯ ತಾರೀಖುಗಳನ್ನೆಲ್ಲ ತನ್ನ ಕಾಗದದ ಮೇಲೆ ಗುರುತು ಹಾಕಿಕೊಂಡಳು.

“ದಿನಾ ನೂರು ಮಂದಿ ನೋಡ್ತೀನ್ರಿ. ಹಿಂಗ ಒಬ್ಬರೂ ಬರಕೊಂಡ ಬಂದಿಲ್ಲ.”

“ಹುಳದ ಪುಡಿ ಬಿದ್ದು ಹಿಂಗಾತೇನ್ರಿ?” ಎಂದು ಸಾವಿತ್ರೆವ್ವ ಆಸೆಯಿಂದ ಕೇಳಿದಳು.

“ಇಲ್ರಿ ಅವ್ವಾರ. ಸಕ್ಕರಿಯಿಂದ. ಒಳಗ ಸಣ್ಣ ನರ ಒಡದು ರಕ್ತ ಇಳದೈತಿ. ಎಡಗಣ್ಣಿಗೂ ಶುರು ಆಗೇತಿ, ಆದ್ರ ಅದನ್ನ ತಡಿಯಾಕ ಬರತೈತಿ. ಬಲಗಣ್ಣು ಎಷ್ಟು ತಿರುಗಿ ಬರತೈತಿ ಅಂತ ಈಗ ಹೇಳಾಕ ಆಗೂದಿಲ್ಲ. ಇಂಜೆಕ್ಷನ್ ಹಾಕೂಣು, ಲೇಸರ್ ಮಾಡೂಣು.”

ಕುಬೇರಪ್ಪ ಎಡಗಣ್ಣು ಮುಟ್ಟಿಕೊಂಡು, “ಹಗ್ಗ ಕಟ್ಟೂ ಪ್ರಸಂಗ ಬರತೈತೇನ್ರಿ?” ಎಂದ.

ಡಾಕ್ಟರಿಗೆ ಆ ಪ್ರಶ್ನೆ ತಿಳಿಯಲಿಲ್ಲ. ತಿಳಿದ ಸಾವಿತ್ರೆವ್ವ ಅವನ ಅಂಗಿಯ ತೋಳು ಹಿಡಿದಳು. “ಡಾಕ್ಟರ್ ಹೇಳಿದಂಗ ಮಾಡ್ರಿ. ಹಗ್ಗದ ಮಾತು ತಗೀಬ್ಯಾಡ್ರಿ,” ಎಂದಳು.

ಎರಡು ತಿಂಗಳಲ್ಲಿ ಮೂರು ಇಂಜೆಕ್ಷನ್ ಆದವು, ಲೇಸರ್ ಆಯಿತು. ತಿರ್ಲಾಪುರದ ಕರಿನೆಲದಲ್ಲಿ ಕಡಲೆ ಮೊಳೆತು ಗೇಣುದ್ದವಾದವು. ಕುಬೇರಪ್ಪ ಸಿಹಿ ಬಿಟ್ಟ, ಚಹಾದ ಸಕ್ಕರೆಯನ್ನೂ ಬಿಟ್ಟ, ಬಿಟ್ಟದ್ದಕ್ಕೆಲ್ಲ ಹೆಂಡತಿಯನ್ನೇ ಬಯ್ದ. ಒಂದು ಸಂಜೆ ಅವನು ಕೇಳುವ ಮೊದಲೇ ಸಾವಿತ್ರೆವ್ವ ಧೋತರ ತಂದು ಹಗ್ಗಕ್ಕೆ ಕಟ್ಟಿದಳು. ಅವನು ಬಲ್ಬು ಹಚ್ಚಿದ.

ಬೆಳಿಗ್ಗೆ ಇಬ್ಬರೂ ಶಾಲು ಹೊದ್ದು ಹಿತ್ತಲಿಗೆ ಬಂದರು. ಚಳಿಗೆ ಪತಂಗಗಳು ಕಡಿಮೆಯಾಗಿದ್ದವು. ಸಾವಿತ್ರೆವ್ವ ಡೈರಿಯನ್ನು ಕಲ್ಲಿನ ಮೇಲೆ ತೆರೆದಿಟ್ಟು ಪೆನ್ನು ಹಿಡಿದಳು.

“ನೀ ಹೇಳಬ್ಯಾಡ. ನಾನ ಎಣಸ್ತೀನಿ,” ಎಂದು ಕುಬೇರಪ್ಪ ಎಡಗಣ್ಣಿಗೆ ಅಂಗೈ ಒತ್ತಿ ಹಿಡಿದ. ಬಲಗಣ್ಣೊಂದರಲ್ಲೇ ನೋಡುತ್ತ, ಧೋತರದ ಮೇಲ್ತುದಿಯಿಂದ ಶುರು ಮಾಡಿ, ಬೆರಳು ಆಡಿಸುತ್ತ, ಅವಸರವಿಲ್ಲದೆ ಬಂದ. ತಂತಿಯ ಮೇಲೆ ಕಾಜಾಣವೊಂದು ಆಗಲೇ ಬಂದು ಕೂತಿತ್ತು.

“ಏಳು. ಬರಕೊ.”

ಸಾವಿತ್ರೆವ್ವನಿಗೆ ಒಂಬತ್ತು ಕಂಡಿದ್ದವು. ಪೆನ್ನು ಅಲ್ಲಾಡಲಿಲ್ಲ. ಅವಳು ಅದನ್ನು ಎಡಗೈಗೆ ಬದಲಿಸಿ, ಬಲಗೈಯಿಂದ ಅವನ ತೋರುಬೆರಳು ಹಿಡಿದಳು. ಹಿಡಿದು, ಮೆಲ್ಲಗೆ, ಧೋತರದ ಮಡಿಕೆಯಲ್ಲಿ ಕೂತಿದ್ದ ಬೂದಿಬಣ್ಣದ ಒಂದರ ಹತ್ತಿರ ತಂದು ನಿಲ್ಲಿಸಿದಳು. ಅವನು ಬಗ್ಗಿದ, ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದ.

“ಎಂಟು,” ಎಂದ.

ಬೆರಳನ್ನು ಕೆಳಗೆ, ಅಂಚಿನ ಕಡೆ ಇಳಿಸತೊಡಗಿದಳು. ಅರ್ಧ ದಾರಿಯಲ್ಲೇ ಅವನ ಬೆರಳು ಬಿಗಿಯಾಯಿತು.

“ತಡಿ,” ಎಂದ ಕುಬೇರಪ್ಪ. “ಕಂಡತು. ಅಂಚಿನ ಮ್ಯಾಲೆ, ಬಿಳೇದು. ಒಂಬತ್ತು.”

ಸಾವಿತ್ರೆವ್ವ ಆ ಬೆರಳು ಬಿಡಲಿಲ್ಲ. ಎಡಗೈಯಿಂದಲೇ ಡೈರಿಯಲ್ಲಿ ಒಂಬತ್ತು ಎಂದು ಬರೆದಳು. ಅಂಕಿ ಸೊಟ್ಟಗಾಗಿ ಗೆರೆಯ ಕೆಳಗೆ ಇಳಿಯಿತು.